ಮೂವತ್ತೊಂದನೆಯ ಮನೆಯವ

ತಿಕೋಟಾ ಹೈಸ್ಕೂಲಿನ ವಿಜ್ಞಾನ ಮಾಸ್ತರ ಬಸಗೊಂಡಪ್ಪನವರು ಈ ವರ್ಷ ಶಪಥ ಮಾಡಿಬಿಟ್ಟರು: ವಿಜ್ಞಾನ ದಿನದ ಪ್ರದರ್ಶನದಲ್ಲಿ ಧಾತುಗಳ ಆವರ್ತ ಕೋಷ್ಟಕ ನೋಡಿ ಮಕ್ಕಳು ತೆರೆದ ಬಾಯಿ ಮುಚ್ಚಬಾರದು! ಇಪ್ಪತ್ತು ವರ್ಷ ಅದನ್ನು ಪಾಠ ಮಾಡಿದ್ದರು. ಮಕ್ಕಳೂ ಇಪ್ಪತ್ತು ವರ್ಷ ಬಾಯಿ ತೆರೆದಿದ್ದರು, ಆಕಳಿಸಲಿಕ್ಕೆ.

ಅದಕ್ಕೆಂದೇ ಕೋಷ್ಟಕದ ಮೂವತ್ತೊಂದನೆಯ ಮನೆಯ ಧಾತು ಗ್ಯಾಲಿಯಮ್ಮನ್ನು ಕೊರಿಯರಿನಲ್ಲಿ ತರಿಸಿದರು. ಬೆಳ್ಳಿಯಂತೆ ಹೊಳೆಯುವ ನಾಲ್ಕು ಗುಂಡು, ಕಡಲೆಕಾಳಿನಷ್ಟು. ಹೆಂಡತಿ ವಿಶಾಖಾ ಜೋಳದ ಹಿಟ್ಟು ನಾದುತ್ತಿದ್ದಳು. ಮಾಸ್ತರರು ಅಡುಗೆಮನೆಗೇ ಹೋಗಿ ಪುರಾಣ ಬಿಚ್ಚಿದರು. ನೂರೈವತ್ತು ವರ್ಷಗಳ ಹಿಂದೆ ರಷ್ಯಾದ ಮೆಂಡಲೀವ್ ಎಂಬ ಪಂಡಿತ, ಗೊತ್ತಿದ್ದ ಅರವತ್ತಮೂರು ಧಾತುಗಳನ್ನು ತೂಕ ನೋಡಿ ಸಾಲು ಹಚ್ಚಿ, ಗುಣ ನೋಡಿ ಓಣಿ ಮಾಡಿದ. ಗುಣ ಹೊಂದದ ಕಡೆ ಮನೆ ಖಾಲಿ ಬಿಟ್ಟ. ಅಲ್ಯುಮಿನಿಯಮ್ಮಿನ ಕೆಳಗಿನ ಮನೆಗೆ ಬರುವವನ ತೂಕ ಇಷ್ಟು, ಬೇಗ ಕರಗುವ ಸ್ವಭಾವ ಎಂದು, ಕಾಣುವ ಮೊದಲೇ ಹೇಳಿಬಿಟ್ಟ.

“ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದಾಂಗ ಆತಲ್ರಿ,” ಎಂದಳು ವಿಶಾಖಾ.

“ಆರು ವರ್ಷಕ್ಕ ಕೂಸು ಸಿಕ್ಕಿತು ನೋಡು, ಇದ ಗ್ಯಾಲಿಯಂ. ಕುಲಾಯಿ ತಲಿಗೆ ಬರೋಬ್ಬರಿ ಕುಂತಿತು.”

ವಿಶಾಖಾಳ ಕೈ ಹಿಟ್ಟಿನಲ್ಲೇ ನಿಂತಿತು. ಆ ಬೆರಗು ಕಂಡು ಮಾಸ್ತರರಿಗೆ ಹುರುಪು ಏರಿತು. ಒಲೆಯ ಪಕ್ಕ ಅಂಗಾತ ಇಟ್ಟಿದ್ದ ಕುಕ್ಕರಿನ ಮುಚ್ಚಳದ ತಗ್ಗಿನಲ್ಲಿ ಒಂದು ಗುಂಡು ಇಟ್ಟರು. ಒಲೆಯ ಕಾವಿಗೆ ಅದು ಕರಗಿ ಹನಿಯಾಗಿ ಓಡಾಡಿತು. ಸಿಕ್ಕಷ್ಟನ್ನು ಬಾಚಿಕೊಂಡು, ಉಳಿದದ್ದನ್ನು ಅರಿವೆಯಿಂದ ಒರೆಸಿ, ಗೆದ್ದ ಹುಮ್ಮಸ್ಸಿನಲ್ಲಿ ಶಾಲೆಗೆ ಹೋದರು.

ಸಂಜೆ ಬಬಲೇಶ್ವರದ ಬೀಗರು ಊಟಕ್ಕೆ ಬರುವವರಿದ್ದರು. ಬೇಳೆ ಇಟ್ಟು ವಿಶಾಖಾ ಮುಚ್ಚಳ ಎತ್ತಿದರೆ ಹಿಡಿಕೆ ಮಾತ್ರ ಕೈಗೆ ಬಂತು! ಉಳಿದದ್ದು ಕಡಕ್ ರೊಟ್ಟಿಯಂತೆ ಮುರಿದು ಕಟ್ಟೆಯ ಮೇಲೆ ಬಿತ್ತು. ಅದು ತವರಿನವರು ಕೊಟ್ಟ ಕುಕ್ಕರು.

ಶಾಲೆಯಿಂದ ಬಂದ ಮಾಸ್ತರರು ಒಂದು ಚೂರನ್ನು ಬೆರಳಲ್ಲಿ ಒತ್ತಿದರು. ಪುಡಿಯಾಯಿತು. ಪುಸ್ತಕದಲ್ಲಿ ಓದಿದ್ದನ್ನು ಮೊದಲ ಸಲ ಕಣ್ಣಾರೆ ಕಂಡು, ಹೆದರುವುದನ್ನೇ ಮರೆತು ನಿಂತರು. ತಂತಿಯಿಂದ ಉಜ್ಜಿ ಉಜ್ಜಿ ಬಿದ್ದ ಗೀರುಗಳಲ್ಲಿ ಗ್ಯಾಲಿಯಂ ಇಳಿದು, ಮುಚ್ಚಳದ ಅಲ್ಯುಮಿನಿಯಮ್ಮಿನ ಕಣಕಣದ ನಡುವೆ ನುಸುಳಿ ಬಿರುಕು ಹುಟ್ಟಿಸಿದೆ ಎಂದು ತಪ್ಪೊಪ್ಪಿಕೊಂಡರು.

“ಇಬ್ರೂ ಒಂದ ಓಣಿಯವರು,” ಎಂದರು ಮೆಲ್ಲಗೆ.

“ಮನಿ ಮುರಿಯೋರು ಯಾವಾಗಲೂ ಓಣ್ಯಾಗಿನವರ ಇರ್ತಾರ.”

ವಿಶಾಖಾ ಅಷ್ಟೇ ಅಂದಳು, ಬೈಯಲಿಲ್ಲ. ಚೂರುಗಳನ್ನೇ ದಿಟ್ಟಿಸುತ್ತ ಕೂತಳು. ಬೀಗರು ಬೇಳೆಯಿಲ್ಲದೆ ಶೇಂಗಾ ಹಿಂಡಿಯ ಚಟ್ನಿಯಲ್ಲೇ ರೊಟ್ಟಿ ಮುಗಿಸಿದರು.

ಪ್ರದರ್ಶನದ ದಿನ ಚೂರುಗಳನ್ನು ತಾಟಿನಲ್ಲಿ ತುಂಬಿಕೊಂಡು ವಿಶಾಖಾಳೇ ಶಾಲೆಗೆ ಬಂದಳು. ಮಾಸ್ತರರ ಬಣ್ಣಬಣ್ಣದ ಕೋಷ್ಟಕದ ಮುಂದೆ ಆಕಳಿಸುತ್ತಿದ್ದ ಮಕ್ಕಳು ತಾಟಿಗೆ ಮುಗಿಬಿದ್ದರು. ಅವಳು ಒಂಬತ್ತನೆಯ ತರಗತಿಯ ಸುರೈಯಾಳ ಅಂಗೈಯಲ್ಲಿ ಉಳಿದಿದ್ದ ಗ್ಯಾಲಿಯಂ ಗುಂಡೊಂದನ್ನು ಇಟ್ಟು ಮುಷ್ಟಿ ಕಟ್ಟಿಸಿದಳು. ಕುಲಾಯಿಯ ಕಥೆ ಹೇಳಿ ಮುಗಿಸಿ ಮುಷ್ಟಿ ಬಿಚ್ಚಿಸಿದರೆ, ಗುಂಡು ಇಲ್ಲ. ಅಂಗೈ ನಡುವೆ ಒಂದು ಬೆಳ್ಳಿಯ ಹನಿ ನಡುಗುತ್ತಿತ್ತು. ಮಕ್ಕಳು ತೆರೆದ ಬಾಯಿ ಮುಚ್ಚಲಿಲ್ಲ. ಹೆಡ್‌ಮಾಸ್ತರರ ಬಾಯಿ ಕೂಡ ತೆರೆದೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಸುರೈಯಾ ಬಸಗೊಂಡಪ್ಪನವರ ಹತ್ತಿರ ಬಂದಳು.

“ಸರ, ನಾಳಿಂದ ಕ್ಲಾಸಿಗೆ ಅಕ್ಕಾರನ್ನ ಕರಕೊಂಡ ಬರ್ರಿ.”

ಅವರ ಮುಖ ನೋಡಿ ಪಾಪವೆನಿಸಿರಬೇಕು.

“ನೀವೂ ಬರ್ರಿ ಸರ,” ಎಂದಳು. “ತಾಟು ಹಿಡಿಯಾಕ ಯಾರರೆ ಬೇಕಲ್ರಿ.”