ಸ್ಥೂಲಕಾಯದವರ ರವಿಕೆಯ ವಿಷಯವಾಗಿ ಹೊಂಗನೂರಿನ ಅರಿಕೆ

ಹೊಂಗನೂರು, ಚನ್ನಪಟ್ಟಣ ತಾಲ್ಲೂಕು
ಪ್ರಭವ ಸಂವತ್ಸರ, ಕಾರ್ತಿಕ ಮಾಸ

ಶ್ರೀಮತಿ ಸುವೇಷಿಣಿಯವರಿಗೆ,
ಅಲಂಕಾರ ವಿಭಾಗ, ‘ಸ್ತ್ರೀಸೌಭಾಗ್ಯ ದೀಪಿಕೆ’ ಮಾಸಪತ್ರಿಕೆ, ಬೆಂಗಳೂರು.

ಮಾನ್ಯರೇ,

ತಾವು ಕ್ಷೇಮವಾಗಿಯೂ ತೆಳ್ಳಗೂ ಇದ್ದೀರೆಂದು ನಂಬಿ, ಹೊಂಗನೂರಿನ ಚನ್ನಲಿಂಗಪ್ಪನವರ ಹೆಂಡತಿಯಾದ ಬಸವಲಿಂಗಮ್ಮ ಎಂಬ ನಾನು ತಮಗೆ ಶರಣು ಹೇಳಿ ಈ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ; ನಾನು ಏನು ಮಾಡಿದರೂ ಅದು ಬಹಿರಂಗವಾಗಿಯೇ ಆಗುತ್ತದೆ, ಮರೆಯಲ್ಲಿ ನಿಲ್ಲುವ ಸೌಕರ್ಯವನ್ನು ಶಿವನು ನನಗೆ ಕೊಟ್ಟಿಲ್ಲ.

ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ‘ಸ್ಥೂಲಕಾಯದ ಸೋದರಿಯರಿಗೆ ಒಪ್ಪುವ ರವಿಕೆಗಳು’ ಎಂಬ ಲೇಖನವನ್ನು ನನಗೆ ತಂದುಕೊಟ್ಟವಳು ನನ್ನ ನಾದಿನಿ ಮಂಗಳಗೌರಿ. ಬೆಂಗಳೂರಿಗೆ ಕೊಟ್ಟ ಹುಡುಗಿ, ಬಳುಕುವ ಮೈ, ಅತ್ತಿಗೆಯ ಮೇಲೆ ನಿಜವಾದ ಪ್ರೀತಿ ಇಟ್ಟುಕೊಂಡವಳು. “ಅತ್ತಿಗೆ, ನೀವು ದಪ್ಪ ಅಂತ ನಾನು ಹೇಳ್ತಿಲ್ಲ, ಈ ಪುಸ್ತಕ ಹೇಳ್ತಿದೆ ಅಷ್ಟೆ” ಎಂದು ಬಹಳ ಮೃದುವಾಗಿ ನನ್ನ ಮಡಿಲಿಗೆ ಹಾಕಿದಳು. ಅದುವರೆಗೂ ನಾನು ಇಂಥ ವಿಷಯಕ್ಕೆ ತಲೆ ಕೆಡಿಸಿಕೊಂಡವಳಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದಿನ ಬೇಸಿಗೆಯಲ್ಲಿ ಮಾಗಡಿಯ ನೆಂಟರ ಮದುವೆಯಲ್ಲಿ ಊಟದ ಪಂಕ್ತಿ ಹಾಕುವಾಗ ಯಾರೋ ಒಬ್ಬರು, “ಬಸವಲಿಂಗಮ್ಮೋರ್ಗೆ ಎರಡೆಲೆ ಜಾಗ ಬುಡ್ರಪ್ಪಾ” ಎಂದು ಕೂಗಿದರು, ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಆದರೆ ಆ ದಿನ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಆದ್ದರಿಂದ ತಮ್ಮ ಲೇಖನವನ್ನು ನಾನು ಭಕ್ತಿಯಿಂದಲೇ ಓದಿದೆ.

ಅದೂ ಅಲ್ಲದೆ ಆ ಹೊತ್ತಿನಲ್ಲಿ ನನಗೊಂದು ಅಗತ್ಯ ಬಿದ್ದಿತ್ತು. ನಾನು ಮದುವೆಯಾಗಿ ಬಂದಾಗಿನಿಂದ ರೇಷ್ಮೆಹುಳು ಸಾಕುತ್ತಿದ್ದೇನೆ, ನಮ್ಮ ಮನೆಯ ಗೂಡೆಂದರೆ ಸುತ್ತಿನ ಊರುಗಳವರು ಬಂದು ನೋಡಿಕೊಂಡು ಹೋಗುತ್ತಾರೆ. ಹುಳಕ್ಕೆ ರೋಗ ತಗಲದಂತೆ ಸಾಕುವ ಬಗೆಯನ್ನು ಹಳ್ಳಿಯ ಹೆಂಗಸರಿಗೆ ಹೇಳಿಕೊಡಲು ಹೆಂಗಸೊಬ್ಬಳೇ ಬೇಕು, ಗಂಡಸರು ಹೋದರೆ ಯಾರೂ ಹುಳದ ಮನೆಯ ಬಾಗಿಲು ತೆಗೆಯುವುದಿಲ್ಲ ಎಂದು ಸರ್ಕಾರದವರಿಗೆ ಕೊನೆಗೆ ಹೊಳೆದು, ಚನ್ನಪಟ್ಟಣದಲ್ಲಿ ಒಂದು ಸಭೆ ಕರೆದಿದ್ದರು. ಆಯ್ಕೆಗೆ ಇದ್ದವರು ಇಬ್ಬರೇ: ಮೈಸೂರಿನಲ್ಲಿ ಓದಿ ತರಬೇತಿ ಪಡೆದ ಒಬ್ಬ ಯುವತಿ, ಮತ್ತು ನಾನು. ಅಧಿಕಾರಿಗಳು, ಅವರ ಮನೆಯ ಹೆಂಗಸರು, ಹಳ್ಳಿಗಳ ರೈತ ಹೆಂಗಸರು, ಎಲ್ಲರ ಮುಂದೆ ಹುಳು ಸಾಕುವ ರೀತಿಯನ್ನು ಮಾಡಿ ತೋರಿಸಿ ನಾಲ್ಕು ಮಾತು ಆಡಬೇಕಿತ್ತು. ಈ ಕೆಲಸ ನನಗೆ ಬೇಕಾಗಿತ್ತು, ಮಾನ್ಯರೇ. ಮಕ್ಕಳಿಲ್ಲದ ಮನೆಯಲ್ಲಿ ನನಗೆ ತಿಳಿದ ಒಂದೇ ವಿದ್ಯೆ ನನ್ನೊಂದಿಗೇ ಮುಗಿದುಹೋಗಬಾರದೆಂದು ಬಹಳ ಆಸೆಯಿತ್ತು. ವಿದ್ಯೆಯ ಬಗ್ಗೆ ಅಂಜಿಕೆಯಿರಲಿಲ್ಲ. ಅಂಜಿಕೆಯೆಲ್ಲ ವೇದಿಕೆ ಹತ್ತುವುದರ ಬಗ್ಗೆ.

ತಾವು ಅಪ್ಪಣೆ ಕೊಡಿಸಿದ ಮೊದಲನೆಯ ನಿಯಮ, ಹೊಳೆಯುವ ರೇಷ್ಮೆಯು ದಪ್ಪ ಮೈಯನ್ನು ಇನ್ನೂ ದಪ್ಪಗೆ ತೋರಿಸುವುದರಿಂದ ಅದನ್ನು ಮುಟ್ಟಲೇಬಾರದು ಎಂಬುದು. ನಾನು ತಕ್ಷಣ ಒಪ್ಪಿದೆ. ಸೊಪ್ಪು ತಂದು ಹಾಕುವವಳು ನಾನು, ಹುಳುಗಳು ‘ಜ್ವರ’ಕ್ಕೆ ಕುಳಿತು ಪೊರೆ ಬಿಡುವಾಗ ಉಸಿರು ಬಿಗಿಹಿಡಿದು ಕಾಯುವವಳು ನಾನು, ಆದರೆ ನೂಲು ಮಾತ್ರ ತೆಳ್ಳಗಿನವರ ಪಾಲಿನದು ಎಂಬ ನ್ಯಾಯ ಇಷ್ಟು ದಿನ ನನಗೆ ತಿಳಿದಿರಲಿಲ್ಲ. ಈ ಸಂಗತಿಯನ್ನು ಹುಳುಗಳಿಗೆ ತಿಳಿಸುವ ಭಾರವನ್ನು ತಾವೇ ವಹಿಸಿಕೊಂಡರೆ ಉಪಕಾರವಾದೀತು. ನಾಲ್ಕನೆಯ ಜ್ವರ ಕಳೆದ ಮೇಲೆ ಅವು ಹಗಲು ರಾತ್ರಿ ತಿಂದು, ಉಬ್ಬಿ, ನನ್ನಂತೆಯೇ ಆಗುತ್ತವೆ, ಆಗ ಅವುಗಳನ್ನು ಕಂಡವರೆಲ್ಲ “ಆಹಾ, ಎಂಥಾ ಬೆಳೆ!” ಎಂದು ಹೊಗಳುವುದರಿಂದ ಅವುಗಳಿಗೆ ನಾಚಿಕೆಯೇ ಇಲ್ಲದಂತಾಗಿದೆ.

ಎರಡನೆಯ ನಿಯಮದಂತೆ ಕಡು ಬಣ್ಣದ ಬಟ್ಟೆ, ಅದರ ಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುವ ಪಟ್ಟೆಗಳು ಬೇಕಾಗಿದ್ದವು. ನಮ್ಮ ರವಿಕೆಗಳನ್ನು ಹೊಲಿಯುವವರು ಚನ್ನಪಟ್ಟಣದ ಜಬ್ಬಾರ್ ಸಾಹೇಬರು. ಅವರು ತಮ್ಮ ಲೇಖನದ ಚಿತ್ರವನ್ನು ನೋಡಿದ್ದೇ ತಡ, ತಮ್ಮ ಭಕ್ತರಾಗಿಬಿಟ್ಟರು. “ಏನ್ ಫ್ಯಾಷನ್ನು ಅಮ್ಮಾ ಇದು! ಬೆಂಗ್ಳೂರ್ ದಂಡಿನಾಗೂ ಇಂಥದ್ದು ಇರಾಕಿಲ್ಲ, ನಾ ಹೊಲೀತೀನಿ” ಎಂದು ಆ ಹಾಳೆಯನ್ನು ಹೊಲಿಗೆ ಮಿಷನ್ನಿನ ಎದುರಿನ ಗೋಡೆಗೆ ಅಂಟಿಸಿಕೊಂಡರು. ತಮ್ಮ ಚಿತ್ರದಲ್ಲಿದ್ದ ಸ್ತ್ರೀಯು ಸ್ಥೂಲಕಾಯದವಳಲ್ಲ, ಒಂದು ಜೋಳದ ದಂಟಿನಷ್ಟಿದ್ದಳು ಎಂಬುದನ್ನು ಅವರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಚನ್ನಪಟ್ಟಣದ ಪೇಟೆಯನ್ನೆಲ್ಲ ಸುತ್ತಿದರೂ ಕಡು ಬಣ್ಣದ ಉದ್ದಪಟ್ಟೆಯ ಬಟ್ಟೆ ಒಂದೇ ಒಂದು ಕಡೆ ಸಿಕ್ಕಿತು, ಅದು ಹತ್ತಿ ತುಂಬಿ ಹಾಸಿಗೆ ಮಾಡುವವರ ಅಂಗಡಿ. ಅದರಲ್ಲೇ ಹೊಲಿಸಿದೆ.

ಮೂರನೆಯದು ಮೊಣಕೈ ದಾಟುವ ಬಿಗಿ ತೋಳು, ಗಂಟಲಿಗೆ ತಾಗುವ ಕಾಲರು, ಮತ್ತು ಮೈಯನ್ನು “ಅಂಕೆಯಲ್ಲಿಡುವಷ್ಟು” ಬಿಗಿ. ಹೆಂಗಸರ ಅಳತೆಯನ್ನು ದರ್ಜಿಗಳು ಮೈಮೇಲೆ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ, ಹಳೆಯ ರವಿಕೆಯೊಂದನ್ನು ಮಾದರಿಗೆ ಕಳಿಸುತ್ತೇವೆ. ಜಬ್ಬಾರ್ ಸಾಹೇಬರು ಅದನ್ನು ನೋಡಿ, ಲೇಖನದ ಆಜ್ಞೆಯನ್ನು ಗೌರವಿಸಿ, ಸುತ್ತಲೂ ಒಂದಿಷ್ಟು ಕಡಿಮೆ ಮಾಡಿದರು. ಅಂಕೆ ಚೆನ್ನಾಗಿ ಬಂತು. ಸಭೆಯ ದಿನ ಬೆಳಿಗ್ಗೆ ಅದನ್ನು ತೊಡಿಸಲು ಇನ್ನೂ ನಮ್ಮಲ್ಲೇ ಇದ್ದ ಮಂಗಳಗೌರಿ ಒಬ್ಬಳೇ ಸಾಲದೆ, ನೆರೆಮನೆಯ ಬೈರಮ್ಮನನ್ನು ಕೂಗಬೇಕಾಯಿತು. ಬೈರಮ್ಮ ನಮ್ಮ ತೋಟದಲ್ಲಿ ನನ್ನ ಜೊತೆಗೇ ಸೊಪ್ಪು ಕೊಯ್ಯುವವಳು, ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲೂ ಇಟ್ಟುಕೊಂಡಿರುವವಳು. ಬಾಗಿಲಲ್ಲೇ ನಿಂತು, “ಅಯ್ಯೋ ಅಕ್ಕಾ, ಹಾಸ್ಗೆನೇ ಎದ್ದು ಬತ್ತಾ ಐತೆ ಅನ್ಕಂಡೆ” ಎಂದಳು. ಆಮೇಲೆ ಹುಕ್ಕು ಎಳೆಯುತ್ತ, “ಇದ್ರೊಳ್ಗೆ ಉಸ್ರು ಎಲ್ಲಿಂದ ಬುಡ್ತೀಯೆ?” ಎಂದು ಕೇಳಿದಳು. ಆ ಪ್ರಶ್ನೆಗೆ ತಮ್ಮ ಲೇಖನದಲ್ಲಿ ಉತ್ತರವಿರಲಿಲ್ಲವಾದ್ದರಿಂದ ಮಿಕ್ಕ ಹುಕ್ಕುಗಳನ್ನೂ ಎಳೆಯಲು ಹೇಳಿದೆ.

ಪೂಜೆಗೆ ಕುಳಿತಾಗ ಇನ್ನೊಂದು ಅನುಭವವಾಯಿತು. ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ತರಬೇಕಷ್ಟೆ, ತೋಳು ಮಡಚಲಿಲ್ಲ. ಕೊನೆಗೆ ಲಿಂಗ ಎಲ್ಲಿತ್ತೋ ಅಲ್ಲಿಗೆ ನನ್ನ ತಲೆಯನ್ನೇ ತೆಗೆದುಕೊಂಡು ಹೋದೆ. ಗರ್ವ ಬಿಟ್ಟು ತಲೆಬಾಗುವುದನ್ನು ಒಂದೇ ದಿನದಲ್ಲಿ ಕಲಿಸಿದ ಕೀರ್ತಿ ತಮ್ಮದು. ನಮ್ಮ ಯಜಮಾನರು ಗಾಡಿ ಕಟ್ಟಿ ನಿಂತಿದ್ದರು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೈ ಉಸಾರೈತಾ?” ಎಂದಷ್ಟೇ ಕೇಳಿದರು. ಸಭೆ ನೋಡಲು ಬೈರಮ್ಮನೂ ನಮ್ಮ ಜೊತೆಗೆ ಗಾಡಿ ಹತ್ತಿದಳು.

ಚನ್ನಪಟ್ಟಣದ ಸಭೆಯಲ್ಲಿ ಮೈಸೂರಿನಲ್ಲಿ ಓದಿದ ಆ ಯುವತಿ ಮೊದಲು ಮಾತನಾಡಿದಳು, ಚೆನ್ನಾಗಿಯೇ ಮಾತನಾಡಿದಳು, ಮುಂದಿನ ಸಾಲಿನ ಹೆಂಗಸರು ಮೆಚ್ಚಿ ತಲೆದೂಗಿದರು. ಹಿಂದೆ ನೆಲದ ಮೇಲೆ ಕುಳಿತಿದ್ದ ಹಳ್ಳಿಯ ಹೆಂಗಸರು ಅವಳ ಸೀರೆಯನ್ನು ನೋಡಿಕೊಂಡು ಕುಳಿತಿದ್ದರು. ನನ್ನ ಸರದಿ ಬಂದಾಗ ನಾನು ತಮ್ಮ ನಾಲ್ಕನೆಯ ನಿಯಮವನ್ನು ನೆನೆದು, ಸ್ಥೂಲಕಾಯದವರು ಜನರಿಗೆ ಎದುರಾಗಿ ನಿಲ್ಲದೆ ಓರೆಯಾಗಿ ನಿಲ್ಲಬೇಕೆಂಬಂತೆ ನಿಂತೆ. ಇದರಿಂದಾಗಿ ನನ್ನ ಮಾತೆಲ್ಲ ಸಭೆಯ ಪಕ್ಕದ ಗೋಡೆಗೆ ಸಲ್ಲಿತು. ಉಸಿರು ಎದೆಯಿಂದ ಕೆಳಗೆ ಇಳಿಯದಿದ್ದುದರಿಂದ ಧ್ವನಿಯೂ ಬರಲಿಲ್ಲ. ಅಧಿಕಾರಿಯೊಬ್ಬರು ಸೌಜನ್ಯದಿಂದ, “ತಾಯಿ, ಸ್ವಲ್ಪ ಜೋರಾಗಿ ಹೇಳಿ, ಮತ್ತು ನಮ್ಮ ಕಡೆಗೆ ಹೇಳಿ” ಎಂದರು. ಹಿಂದೆ ಕುಳಿತವರು ತಮ್ಮ ತಮ್ಮಲ್ಲೇ ಮಾತು ಶುರುವಿಟ್ಟುಕೊಂಡರು. ಕೆಲಸ ಕೈಬಿಟ್ಟು ಹೋಗುತ್ತಿದೆಯೆಂದು ನನಗೆ ಗೊತ್ತಾಯಿತು.

ಆಗ ಹುಳದ ತಟ್ಟೆಯನ್ನು ಇಳಿಸುವ ಹೊತ್ತು ಬಂತು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಬಿದಿರಿನ ಅಟ್ಟಣೆ ನನ್ನ ತಲೆಗಿಂತ ಎತ್ತರವಿತ್ತು, ಹಣ್ಣಾದ ಹುಳುಗಳಿದ್ದ ತಟ್ಟೆ ಎಲ್ಲಕ್ಕಿಂತ ಮೇಲೆ. ಕೈಯೆತ್ತುವುದು ಸ್ಥೂಲಕಾಯದವರಿಗೆ ಶೋಭಿಸದು ಎಂದು ತಾವು ಬರೆದಿದ್ದೀರಿ. ಆದರೆ ಗೂಡು ಕಟ್ಟಲು ಸಿದ್ಧವಾದ ಹುಳು ಯಾರ ಶೋಭೆಗೂ ಕಾಯುವುದಿಲ್ಲ. ಎರಡೂ ಕೈ ಎತ್ತಿ ತಟ್ಟೆಯನ್ನು ಹಿಡಿದೆ, ಎಳೆದೆ, ಅದರ ಭಾರವೆಲ್ಲ ನನ್ನ ಅಂಗೈಗಳ ಮೇಲೆ ಬಂತು, ಅದೇ ಕ್ಷಣದಲ್ಲಿ ಬಲಗಂಕುಳಿನಿಂದ ಸೊಂಟದವರೆಗೆ ತಮ್ಮ ರವಿಕೆ ಪರ್ರನೆ ಬಾಯಿಬಿಟ್ಟಿತು. ಆ ದಿನ ಸಭೆಯ ಕೊನೆಯ ಸಾಲಿಗೆ ಕೇಳಿಸಿದ ಮೊದಲ ಶಬ್ದ ಅದು.

ಮುಂದಿನ ಸಾಲಿನಲ್ಲಿ ಒಬ್ಬರು ನಕ್ಕರು, ಕೂಡಲೇ ಕರವಸ್ತ್ರ ಅಡ್ಡ ಹಿಡಿದರು. ನನ್ನ ಸೆರಗು ಜಾರಿತ್ತು, ಎಳೆದುಕೊಳ್ಳಲು ಕೈಯಿಲ್ಲ. ತಟ್ಟೆಯನ್ನು ಬಿಟ್ಟುಬಿಟ್ಟರೆ ಮೈ ಮುಚ್ಚಿಕೊಳ್ಳಬಹುದಿತ್ತು. ಬಿಟ್ಟರೆ ಹುಳುಗಳು ನೆಲಕ್ಕೆ ಬಿದ್ದು ಜಜ್ಜಿಹೋಗುತ್ತಿದ್ದವು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದುಕೊಂಡೆ, ಅದಕ್ಕೂ ಎರಡೆಲೆ ಜಾಗ ಬೇಕಾದೀತೆಂದು ಸುಮ್ಮನಾದೆ. ಕಣ್ಣಲ್ಲಿ ನೀರು ಬಂದಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬೈರಮ್ಮನ ಕೂಗು ಬಂತು: “ಅಕ್ಕಾ, ರವ್ಕೆ ಹೋದ್ರೆ ಹೋಗ್ಲಿ, ಹುಳ ಬೀಳುಸ್ಬ್ಯಾಡ!”

ನಾನು ಬೀಳಿಸಲಿಲ್ಲ. ನಿಧಾನವಾಗಿ, ಒಂದು ಹುಳುವೂ ಅಲುಗದಂತೆ ಇಳಿಸಿ ಮೇಜಿನ ಮೇಲಿಟ್ಟೆ. ಬೈರಮ್ಮ ಗಂಡಸರ ನಡುವೆಯೇ ನುಗ್ಗಿ ಬಂದು, ನನ್ನ ಸೆರಗನ್ನು ಸುತ್ತಿಸಿ ಸೊಂಟಕ್ಕೆ ಸಿಕ್ಕಿಸಿ, ಅಲ್ಲೇ ಪಕ್ಕದಲ್ಲಿ ನಿಂತಳು. ಆಗ ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು. ಬೆಳಗಿನಿಂದ ಮೊದಲ ಸಲ ಉಸಿರು ಹೊಟ್ಟೆಯ ತಳದವರೆಗೆ ಹೋಗಿತ್ತು. ಆ ಉಸಿರಿನಲ್ಲೇ ತಿರುಗಿ ಸಭೆಗೆ ಎದುರಾಗಿ ನಿಂತು, ಹುಳದ ಮನೆಯಲ್ಲಿ ಹೇಗೆ ಮಾತನಾಡುತ್ತೇನೋ ಹಾಗೇ ಮಾತನಾಡಿದೆ: ಇದು ಹಣ್ಣಾಗಿದೆ, ಇದು ಆಗಿಲ್ಲ, ಇದಕ್ಕೆ ರೋಗ ತಗಲಿದೆ, ಇದನ್ನು ಇಂದೇ ಎತ್ತಿ ಸುಡಬೇಕು. ಹಳ್ಳಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಮೇಜಿನ ಸುತ್ತ ಬಂದು ನಿಂತರು, ತಟ್ಟೆಯ ಮೇಲೆ ಬಗ್ಗಿ ನೋಡಿದರು, “ನಮ್ಮನೇಲಿ ಹಿಂಗೇ ಕರ್ರಗಾಯ್ತದೆ, ಯಾಕವ್ವಾ?” ಎಂದು ಕೇಳತೊಡಗಿದರು, ನಾನು ಹೇಳಿದೆ. ಮರಳವಾಡಿಯಿಂದ ಬಂದಿದ್ದ ಚಿಕ್ಕಲಕ್ಷ್ಮಮ್ಮ ಎಂಬ ಹಿರಿಯ ಹೆಂಗಸು ಅಧಿಕಾರಿಗಳ ಕಡೆ ತಿರುಗಿ, “ಬುದ್ಧೀ, ಆ ಓದಿರೋ ಮಗೀಗೆ ಇಸ್ಕೂಲಲ್ಲಿ ಕೆಲ್ಸ ಕೊಡಿ. ನಮ್ ಹುಳದ ಮನೆ ಒಳ್ಗೆ ಈಯಮ್ಮನ್ನ ಬುಡ್ತೀವಿ” ಎಂದಳು.

ಮುಂದಿನ ಸಾಲಿನವರೊಬ್ಬರು ಸಭೆಯ ಗಾಂಭೀರ್ಯಕ್ಕೆ ಭಂಗವಾಯಿತೆಂದು ಆಕ್ಷೇಪಿಸಿದರಂತೆ. ಆದರೂ ತಿಂಗಳೊಳಗೆ ಅಪ್ಪಣೆ ಬಂತು. ಈಗ ಕನಕಪುರದ ಸೀಮೆಯ ಮರಳವಾಡಿ, ಈ ಕಡೆಯ ಬೈರಮಂಗಲ, ಹೀಗೆ ಊರಿಂದೂರಿಗೆ ಹೋಗಿ ಹೆಂಗಸರಿಗೆ ಹೇಳಿಕೊಡುತ್ತಿದ್ದೇನೆ. ಹೋಗುವುದಕ್ಕೆ ಮೊದಲು ನಮ್ಮದೇ ಗೂಡಿನ ನೂಲಿನಿಂದ ನೇಯಿಸಿದ ಗಿಳಿಹಸಿರು ರೇಷ್ಮೆಯನ್ನು ಜಬ್ಬಾರ್ ಸಾಹೇಬರ ಮುಂದಿಟ್ಟು, ತೋಳು ಸಡಿಲ, ಕೊರಳು ಅಗಲ, ಕಂಕುಳಲ್ಲಿ ಬಟ್ಟೆ ಧಾರಾಳ ಎಂದು ಹೇಳಿದೆ. ಅವರು ಗೋಡೆಯ ಮೇಲಿನ ಪತ್ರಿಕೆಯ ಚಿತ್ರಕ್ಕೆ ಅಂಜಿ, “ಬುಕ್ನಾಗೆ ಬ್ಯಾಡ ಅಂದವ್ರಲ್ಲ ಅಮ್ಮಾ” ಎಂದು ಬಹಳ ಹೊತ್ತು ಕತ್ತರಿ ಹಿಡಿದು ಕುಳಿತಿದ್ದರು, ಕೊನೆಗೆ ಹೊಲಿದರು. ನಾನು ಅದನ್ನು ತೊಟ್ಟು ಹೊರಗೆ ಬಂದಾಗ ನಮ್ಮ ಯಜಮಾನರು ನೋಡಿ, “ಚಂದಾಗೈತೆ” ಎಂದರು. ಮದುವೆಯಾದಂದಿನಿಂದ ಅವರು ಆ ಮಾತು ಆಡಿದ್ದು ಅದೇ ಮೊದಲು. ಆಡಿದ್ದಕ್ಕೆ ತಾವೇ ಗಾಬರಿಯಾಗಿ ಎತ್ತಿಗೆ ಹುಲ್ಲು ಹಾಕಲು ಹೋದರು.

ಆದ್ದರಿಂದ ತಮ್ಮಲ್ಲಿ ನನ್ನ ದೂರೆಂದರೆ ಬಹಳ ಅಲ್ಪ. ತಮ್ಮ ಐದನೆಯ ನಿಯಮವನ್ನು ಮಾತ್ರ ನನ್ನಿಂದ ಪಾಲಿಸಲಾಗಿಲ್ಲ: ಸಭೆ ಸಮಾರಂಭಗಳಲ್ಲಿ ತನಗಿಂತ ದಪ್ಪಗಿರುವವರ ಪಕ್ಕದಲ್ಲಿ ನಿಲ್ಲಬೇಕೆಂದು ತಾವು ಬರೆದಿದ್ದೀರಿ. ಹೊಂಗನೂರಿನಲ್ಲಿ ಅಂಥವರಿಲ್ಲ. ಚನ್ನಪಟ್ಟಣದಲ್ಲೂ ವಿಚಾರಿಸಿದ್ದಾಯಿತು. ದಯಮಾಡಿ ಪತ್ರಿಕೆಯ ಕಚೇರಿಯಿಂದ ತಕ್ಕವರೊಬ್ಬರನ್ನು ರೈಲಿನಲ್ಲಿ ಕಳಿಸಿಕೊಡಬೇಕು, ಅವರ ಊಟ ವಸತಿ ನಮ್ಮದು. ಅವರ ಪಕ್ಕದಲ್ಲಿ ನಿಲ್ಲಲು ಅವರಿಗಿಂತ ದಪ್ಪಗಿರುವವರೊಬ್ಬರನ್ನೂ ಕಳಿಸಿದರೆ ಅವರಿಗೂ ಅನ್ಯಾಯವಾಗುವುದಿಲ್ಲ. ಅಂತೆಯೇ, ಸ್ಥೂಲಕಾಯದವರು ಇಡೀ ಮೈ ಕುಲುಕುವಂತೆ ನಗಬಾರದೆಂದಿದ್ದೀರಲ್ಲ, ಮೈಯ ಯಾವ ಭಾಗದಿಂದ ನಗಬಹುದೆಂದು ತಿಳಿಸಿದರೆ ಅಲ್ಲಿಂದ ಅಭ್ಯಾಸ ಮಾಡಿಕೊಳ್ಳುತ್ತೇನೆ. ತಮ್ಮ ಉತ್ತರ ಬರುವವರೆಗೆ ಎಲ್ಲ ಕಡೆಯಿಂದಲೂ ನಗುತ್ತಿರುತ್ತೇನೆ, ಕ್ಷಮೆಯಿರಲಿ.

ಇಂತು, ತಾವು ಒಪ್ಪಿದರೂ ಒಪ್ಪದಿದ್ದರೂ ಇಷ್ಟೇ ಅಗಲದ,
ತಮ್ಮ ವಿಶ್ವಾಸಿ,
ಬಸವಲಿಂಗಮ್ಮ

ಮರೆತ ಮಾತು: ಇದನ್ನು ಅಂಚೆಗೆ ಹಾಕುವ ಮೊದಲು ತಮ್ಮ ಹೊಸ ಸಂಚಿಕೆ ಬಂತು. ‘ಕೃಶಾಂಗಿಯರಾದ ಸೋದರಿಯರು ಮೈ ತುಂಬಿದಂತೆ ಕಾಣುವ ಉಪಾಯಗಳು’ ಎಂಬ ಲೇಖನವನ್ನು ಓದಿದ ಮಂಗಳಗೌರಿ ಬೆಂಗಳೂರಿನಿಂದ ಅಳುತ್ತಾ ಬಂದು ನನ್ನ ಅಡುಗೆಮನೆಯಲ್ಲಿ ಕುಳಿತಿದ್ದಾಳೆ. ತಮ್ಮ ಸಲಹೆಯಂತೆ ತೋಳಿನೊಳಗೆ ತುಂಬಿಕೊಂಡಿದ್ದ ಹತ್ತಿಯನ್ನು ಬೈರಮ್ಮ ಕಿತ್ತು ಒಲೆಗೆ ಹಾಕಿದಳು, ಬಿಸಿ ಮುದ್ದೆಗೆ ತುಪ್ಪ ನಾನು ಹಾಕುತ್ತಿದ್ದೇನೆ. ಮುಂದಿನ ತಿಂಗಳು ದಪ್ಪವೂ ಅಲ್ಲದ ತೆಳ್ಳಗೂ ಅಲ್ಲದ ಹೆಂಗಸರ ಸರದಿಯಿರಬಹುದು. ಅವರನ್ನಾದರೂ ಬಿಟ್ಟುಬಿಡಿ, ತಮ್ಮ ಪತ್ರಿಕೆಯನ್ನು ಕೊಳ್ಳುವುದಕ್ಕೆ ಯಾರಾದರೂ ಉಳಿಯಬೇಕಲ್ಲ.