ಸ್ಕೂಟರ್ ಚಾವಿಗೋಸ್ಕರ ನಾ ಆಡಿದ ಗೇಮು

"ಈ ಸಲ ಹೇಳೂದು ಅಕ್ಷರ ಅಕ್ಷರ ಖರೆ, ಗಾರ್ಡ್ ಸಾಹೇಬ್ರ," ಅಂದೆ. "ಬೇಕಾದ್ರ ನಮ್ಮಾಕಿ ಮಾಡೋ ಚಹಾದ ಮ್ಯಾಲೆ ಆಣಿ ಮಾಡ್ತೀನಿ."

"ಹೋದ ವಾರನೂ ಚಹಾದ ಮ್ಯಾಲೇ ಮಾಡಿದ್ರಿ," ಅಂದ್ರು ಅವ್ರು.

ಇವ್ರು ರೇಲ್ವೆದಾಗ ಗಾರ್ಡ್ ಆಗಿ ರಿಟೈರ್ ಆದವ್ರು, ಮೂಲ ಗದಗ ಕಡೆಯವ್ರು. ಈಗ ಪುಣೇದ ವಿಮಾನ ನಗರದಾಗ ನಮ್ಮ ಬಿಲ್ಡಿಂಗಿನ ಕೆಳಗ ಬೆಂಚಿನ ಮ್ಯಾಲೆ ಕುಂತು ದಿನಾ ನನ್ನ ಮಾತು ಕೇಳ್ತಾರ. ಮಂದಿಗೆ ವರ್ಷಕ್ಕೊಂದು ಆಗೋ ಫಜೀತಿ ನನಗ ವಾರಕ್ಕೊಂದು ಆಗ್ತದ, ನಾ ಏನ್ ಮಾಡ್ಲಿ?

ಅವತ್ತು ನನ್ನ ಕೈಯಾಗ ಚೀಲ ಇತ್ತು. ನಮ್ಮಾಕಿ ಆಗಷ್ಟೇ ಮ್ಯಾಲೆ ನಮ್ಮ ಮನಿ ಗ್ಯಾಲರಿಲಿಂದ ಕಿರಾಣಿ ಸಾಮಾನಿನ ಹೆಸರು ಕೂಗಿ ಹೇಳಿ ಒಳಗ ಹೋಗಿದ್ದಳು. ಚೀಟಿ ಬರ್ದು ಕೊಡಂಗಿಲ್ಲ ಆಕಿ, ನೆನಪಿಟ್ಟು ತರಬೇಕು. ನಮ್ಮ ಕಿರಾಣಿ ಅಂಗಡಿಯಾಂವ ಒಂದ ಗಂಟೆಕ್ಕ ಶಟರ್ ಎಳದು ನಾಕರ ತನಕ ಮಲಗೋ ಪೈಕಿ. ಆದ್ರ ಇನ್ನೂ ಹನ್ನೆರಡೇ ಆಗಿತ್ತು. ಕುಂತೆ.

*ಚಾವಿ ಹೋದದ್ದು*

ಮೂರು ತಿಂಗಳ ಹಿಂದಿನ ಮಾತು. ನಾವಿಬ್ಬರೂ ಶಿವಾಜಿನಗರದಾಗ ಒಂದು ಮದವಿ ಮುಗಿಸ್ಕೊಂಡು ಸ್ಕೂಟರ್ ಮ್ಯಾಲೆ ಹೊಂಟಿದ್ವಿ. ದಾರ್ಯಾಗ ಪೆಟ್ರೋಲ್ ಪಂಪಿಗೆ ಹೋದೆ. ನನ್ನ ಸ್ಕೂಟರಿನ ಟಾಕಿ ಸೀಟಿನ ಕೆಳಗ. ಸೀಟ್ ಎತ್ತಬೇಕಂದ್ರ ಹಿಂದ ಕುಂತಾಕಿ ಇಳೀಬೇಕು. ಇಳಿದಳು. ನಾ ಪೆಟ್ರೋಲ್ ಹಾಕಿಸಿದೆ, ಸೀಟ್ ಮುಚ್ಚಿದೆ, ಹೊಂಟೆ.

ದಾರಿ ತುಂಬ ಆಕಿ ತಮ್ಮನ ತಪ್ಪು ಒಂದೊಂದೇ ಹೇಳ್ಕೋತ ಬಂದೆ. ಒಂದಕ್ಕೂ ಎದುರುತ್ತರ ಇಲ್ಲ. ಮದವಿಯಾದ ನಲವತ್ತಾರು ವರ್ಷದಾಗ ಒಮ್ಮೆ ಆದ್ರೂ ನನ್ನ ಮಾತು ಒಪ್ಪಿದಳಲ್ಲ ಅಂತ ಸಿಳ್ಳಿ ಹೊಡಕೋತ ಮನಿ ಮುಟ್ಟಿದೆ. ತಿರುಗಿ ನೋಡಿದ್ರ ಒಪ್ಪಿದಾಕಿ ಇಲ್ಲೇ ಇಲ್ಲ.

ರಿಕ್ಷಾದಾಗ ಬಂದಳು. ಮೊಳಿಗೆ ಹಾಕಿದ್ದ ಸ್ಕೂಟರ್ ಚಾವಿ ತಗದು ಸೆರಗಿನ ತುದಿಗೆ ಗಂಟು ಹಾಕ್ಕೊಂಡಳು. ಮರುದಿನ ನನ್ನನ್ನ ಡಾಕ್ಟರ್ ಕಡೆ ಕರ್ಕೊಂಡು ಹೋದಳು, ಮೊಮ್ಮಗಳೂ ಜೋಡಿ ಬಂದಳು.

"ಕಾಕಾ, ಮೂರು ತಿಂಗಳು ಬಿಟ್ಟು ನಿಮ್ಮ ನೆನಪಿನ ಪರೀಕ್ಷಾ ತಗೋತೀನಿ," ಅಂದ್ರು ಡಾಕ್ಟರ್. "ಅಲ್ಲೀತನಕ ಸ್ಕೂಟರ್ ಬ್ಯಾಡ. ಹೊಸಾದೇನರೆ ಕಲೀರಿ."

ಮೊಮ್ಮಗಳು ಕೇಳಿದಳು, "ವಿಡಿಯೋ ಗೇಮ್ ಆಡಿದ್ರ ವಯಸ್ಸಾದವ್ರ ತಲಿ ಚುರುಕಾಗ್ತದಂತ, ಹೌದಾ ಡಾಕ್ಟರ್?"

"ಗೇಮ್ ಆಡಿದವ್ರು ಆ ಗೇಮಿನ್ಯಾಗ ಶಾಣ್ಯಾ ಆಗ್ತಾರ, ಅದಂತೂ ಖರೆ. ಉಳಿದದ್ದರಾಗ ಎಷ್ಟು ಆಗ್ತಾರ ಅನ್ನೂದಕ್ಕ ಇನ್ನೂ ವಾದ ನಡದದ. ಆಡಿ ನೋಡ್ರಿ, ಕೆಡೂದೇನಿಲ್ಲ."

ನಾ ಅಲ್ಲೇ ಹಟ ತೊಟ್ಟೆ. ಮೂರು ತಿಂಗಳದಾಗ ಸೆರಗಿನ ಗಂಟು ಬಿಚ್ಚಿಸ್ತೀನಿ, ಇಲ್ಲಾ ಹೆಸರು ಬದಲಿಸ್ಕೋತೀನಿ.

ನಮ್ಮಾಕಿ ಮೆಲ್ಲಕ ಕೇಳಿದಳು, "ಡಾಕ್ಟರ್ರ, ಹೆಂಡ್ತಿನ್ನ ನೆನಪಿಡೋ ಗೇಮು ಯಾವುದರೆ ಅದ ಏನ್ರಿ?"

*ಹೆಲ್ಮೆಟ್*

ಮೊದಲನೇದು ಮೋಟರ್ ಸೈಕಲ್ ರೇಸಿಂದು. ಟೀವಿ ಮುಂದ ದಿವಾನದ ಮ್ಯಾಲೆ ಕುಂತು, ಎರಡೂ ಕೈಯಾಗ ಅದರ ರಿಮೋಟ್ ಹಿಡಕೊಂಡು ಆಡೂದು. ನಾ ಹೆಲ್ಮೆಟ್ ಹಾಕ್ಕೊಂಡು ಕುಂತೆ.

"ಅಜ್ಜಾ, ಹೊರಗ ಹೋಗೋ ಮುಂದ ಪೋಲೀಸ್ರು ನಿಂದ್ರಸಿದ್ರೂ ಹಾಕ್ಕೊಳ್ಳಂಗಿಲ್ಲ. ಮನ್ಯಾಗ ಯಾಕ?" ಅಂದಳು ಮೊಮ್ಮಗಳು.

"ಹೊರಗ ಗಾಡಿ ನನಗ ಗೊತ್ತದ. ಇದು ಗೊತ್ತಿಲ್ಲ."

ರೇಸ್ ಶುರುವಾತು. ಮೊದಲನೇ ತಿರುವಿಗೆ ಬಲಗೈ ಹೊರಗ ಚಾಚಿ ಹಿಂದಿನವ್ರಿಗೆ ಸನ್ನಿ ಮಾಡಿದೆ. ಎರಡನೇ ತಿರುವಿನ್ಯಾಗ ಒಬ್ಬ ಹಾರ್ನ್ ಹೊಡದ, ಬಾಜೂ ಸರದು "ಹೋಗಪಾ ತಮ್ಮಾ" ಅಂತ ದಾರಿ ಬಿಟ್ಟೆ. ಮೊಮ್ಮಗಳು ತಲಿ ಹಿಡಕೊಂಡು ಕುಂತಳು. ಹಟ ಬಿಡಲಿಲ್ಲ ನಾ. ಹನ್ನೆರಡು ದಿನ ಮುಂಜಾನೆ ಸಂಜಿ ಆಡಿದೆ. ಹದಿಮೂರನೇ ದಿನ ಗಾಡಿ ಎಡಕ್ಕ ವಾಲಿತು, ನಾನೂ ವಾಲಿದೆ. ಧಡಾರ್ ಅಂತ ನೆಲಕ್ಕ ಬಿದ್ದೆ. ಆದ್ರ ಆ ರೇಸಿನ್ಯಾಗ ಒಂದನೇ ನಂಬರ್ ನಂದೇ. ನನ್ನ ಹಿಂದ ಹನ್ನೊಂದು ಗಾಡಿ.

"ಬಿದ್ದ ಮ್ಯಾಲೆ ಒಂದನೇ ನಂಬರ್ ಹ್ಯಾಂಗ್ರಿ?" ಅಂದ್ರು ಗಾರ್ಡ್ ಸಾಹೇಬ್ರು.

"ಗಾಡಿ ಎಲ್ಲಿ ಬಿತ್ತು? ನಾ ಒಬ್ಬಾಂವನ ಬಿದ್ದೆ."

*ನಾಕು ತಾಸಿನ ಕಬ್ಬು*

ಸೊಂಟ ನೆಟ್ಟಗಾಗೋ ತನಕ ಫೋನಿನ್ಯಾಗ ಒಕ್ಕಲುತನದ ಗೇಮ್ ಹಿಡದೆ. ಬೀಜ ಬಿತ್ತಬೇಕು, ನೀರು ಬಿಡಬೇಕು, ಹೊತ್ತಿಗೆ ಸರಿಯಾಗಿ ಕೊಯ್ಯಬೇಕು. ಹೊತ್ತು ಮೀರಿತೋ, ಬೆಳಿ ಒಣಗ್ತದ. ನೆನಪಿಗೆ ಇದಕ್ಕಿಂತ ಛಲೋ ಕಸರತ್ತು ಇಲ್ಲ. ಡಾಕ್ಟರ್ ಕೊಟ್ಟ ಬಿ.ಪಿ. ಗುಳಿಗಿ ಮರತಿರಬಹುದು, ಕಬ್ಬಿಗೆ ನೀರು ಒಂದಿನಾ ಮರೀಲಿಲ್ಲ.

ನಮ್ಮಾಕಿ ತಮ್ಮ ಪುಣೇದ ಹತ್ರ ದೌಂಡದಾಗ ಇರ್ತಾನ. ಖರೇನ ಕಬ್ಬು ಬೆಳೀತಾನ. ಅಷ್ಟು ಅನುಭವ ಬಂದ ಮ್ಯಾಲೆ ನಾಕು ಬುದ್ಧಿಮಾತು ಹೇಳೂದು ನನ್ನ ಧರ್ಮ ಅಂತ ಅವಗ ಫೋನ್ ಹಚ್ಚಿದೆ.

"ಕಬ್ಬು ಹ್ಯಾಂಗದ?"

"ಇನ್ನೂ ಐದು ತಿಂಗಳು ಬೇಕು ಮಾಮಾ."

"ಐದು ತಿಂಗಳಾ? ನಂದು ಮುಂಜಾನೆ ಹಚ್ಚಿದ್ದು ಊಟದ ಹೊತ್ತಿಗೆ ಕೊಯ್ದೆ. ನಾಕು ತಾಸು."

ಆಂವ ಕೇಳಿದ, "ಮಾಮಾ, ಅಕ್ಕಾ ಎಲ್ಲಿದ್ದಾಳ? ಮನ್ಯಾಗ ಇದ್ದಾಳೇನು, ಮತ್ತ ಯಾವುದರೆ ಪಂಪಿನ್ಯಾಗ ಬಿಟ್ಟು ಬಂದೀರೇನು?"

*ವೈರಿ ಬೀಗರಾದದ್ದು*

ಎರಡು ತಿಂಗಳು ಕಳೀತು. ಚಾವಿ ಇನ್ನೂ ಸೆರಗಿನ್ಯಾಗೇ ಇತ್ತು. ಇಂಥಾ ಸೌಮ್ಯ ಆಟಕ್ಕ ಬಿಚ್ಚೋ ಗಂಟು ಅಲ್ಲ ಅದು ಅಂತ ಬಂದೂಕಿನ ಗೇಮಿಗೆ ಇಳಿದೆ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ್ರ ಆಡೋ ಮಂದಿ ಎಲ್ಲಾರೂ ಒಬ್ಬರಿಗೊಬ್ಬರು ಮಾತಾಡಬಹುದು. ನಮ್ಮ ಕಡೆ ನಾಕು ಮಂದಿ, ಎದುರು ಪಾರ್ಟಿ ನಾಕು.

ನಾ ಒಂದು ಗ್ವಾಡಿ ಹಿಂದ ಅಡಗಿ ಕುಂತಿದ್ದೆ. ಎದುರಿನಾಂವ ಬಂದೂಕು ಹಿಡಕೊಂಡು ಬಂದ. ಗುಂಡು ಹಾಕಬೇಕು, ಅಷ್ಟರಾಗ ಆಂವ ಕೆಮ್ಮಿ "ಅಯ್ಯಯ್ಯಪ್ಪಾ ಮಣಕಾಲು" ಅಂದ. ಕನ್ನಡ. ನನ್ನ ಕೈ ನಿಂತು ಬಿಡ್ತು.

"ಯಾವೂರ್ರಿ ತಮ್ಮದು?"

"ಬೆಳಗಾವಿ ರೀ. ಪೋಸ್ಟ್ ಆಫೀಸಿನ್ಯಾಗ ಇದ್ದೆ, ಈಗ ರಿಟೈರ್. ತಮ್ಮದು?"

"ಧಾರವಾಡ. ಪುಣೇಕ್ಕ ಬಂದು ನಲವತ್ತು ವರ್ಷಾತು. ಮಣಕಾಲಿಗೆ ಏನ್ ಹಚ್ತೀರಿ?"

ಇಬ್ಬರೂ ಬಂದೂಕು ಕೆಳಗಿಟ್ಟು ಗ್ವಾಡಿಗೆ ಆತುಕೊಂಡು ನಿಂತ್ವಿ. ಮಣಕಾಲಿಂದ ಮಕ್ಕಳಿಗೆ ಬಂದ್ವಿ, ಮಕ್ಕಳಿಂದ ಸಂಬಂಧಕ್ಕ. ತಗದು ನೋಡಿದ್ರ ಅವ್ರ ಸೊಸಿ ನಮ್ಮಾಕಿ ಕಾಕಾನ ಮೊಮ್ಮಗಳು. ಸುತ್ತ ಗುಂಡು ಹಾರಲಿಕ್ಕೆ ಹತ್ತಿದ್ವು. ನಮ್ಮ ಪಾರ್ಟಿಯವ್ರು ಹಿಂದಿಯೊಳಗ, "ಅಂಕಲ್, ಹೊಡೀರಿ" ಅಂತ ಒಂದೇ ಸವನ ಕೂಗ್ಲಿಕ್ಕತ್ತಿದ್ರು.

"ಹ್ಯಾಂಗ ಹೊಡೀಲಿ?" ಅಂದೆ. "ಇವ್ರು ನಮಗ ಬೀಗರಾಗಬೇಕು. ನಾಳೆ ಮದವಿ ಮುಂಜಿವಿಯೊಳಗ ಮಾರಿ ತೋರಸಬೇಕಲ್ಲ."

ಕಡೀಕೆ ಎರಡೂ ಪಾರ್ಟಿಯವ್ರು ಒಂದಾಗಿ ನಮ್ಮಿಬ್ಬರನ್ನೂ ಹೊಡದು ಕೆಡವಿದ್ರು. ಸತ್ತ ಮ್ಯಾಲೂ ಅರ್ಧಾ ತಾಸು ಮಾತಾಡಿದ್ವಿ.

*ಪರೀಕ್ಷಾ*

"ಅದೆಲ್ಲಾ ಇರಲಿ," ಅಂದ್ರು ಗಾರ್ಡ್ ಸಾಹೇಬ್ರು. "ಪರೀಕ್ಷಾ ಏನಾತು? ಚಾವಿ ಬಂತೋ ಇಲ್ಲೋ, ಅದನ್ನ ಹೇಳ್ರಿ."

"ನಿನ್ನೆನ ಆತು. ಮೊದಲು ಗಡಿಯಾರದ ಚಿತ್ರ ತಗೀರಿ ಅಂದ್ರು. ತಗದೆ. ಡಾಕ್ಟರ್ ಅದನ್ನ ನೋಡಿ ತಮ್ಮ ಕೈಗಡಿಯಾರ ಎರಡು ನಿಮಿಷ ಮುಂದ ಮಾಡ್ಕೊಂಡ್ರು."

"ಹೂಂ."

"ಆಮ್ಯಾಲೆ ಐದು ಶಬ್ದ ಹೇಳಿದ್ರು. ಬ್ಯಾರೆ ಮಾತು ಆಡಿಸಿ, ಅರ್ಧಾ ತಾಸು ಬಿಟ್ಟು, ಈಗ ಹೇಳ್ರಿ ಕಾಕಾ ಅಂದ್ರು. ಐದಕ್ಕ ಐದೂ ಹೇಳಿದೆ. ಸೀದಾ ಒಮ್ಮೆ, ಉಲ್ಟಾ ಒಮ್ಮೆ. ಡಾಕ್ಟರ್ ಎದ್ದು ನಿಂತು ಕೈ ಮುಗದ್ರು. ನಮ್ಮಾಕಿ ಕಣ್ಣಾಗ ನೀರು. ಅಲ್ಲೇ ಸೆರಗಿನ ಗಂಟು ಬಿಚ್ಚಿ ಚಾವಿ ನನ್ನ ಕೈಯಾಗ ಇಟ್ಟಳು."

ಗಾರ್ಡ್ ಸಾಹೇಬ್ರು ನನ್ನ ಚೀಲ ನೋಡಿದ್ರು, ಚಪ್ಪಲಿ ನೋಡಿದ್ರು, ಅತ್ಲಾಗ ಮೂರು ತಿಂಗಳ ಧೂಳು ಕುಂತ ನನ್ನ ಸ್ಕೂಟರ್ ನೋಡಿದ್ರು. "ಹಂಗಾದ್ರ ಇವತ್ತು ಅಂಗಡಿಗೆ ನಡಕೋತ ಯಾಕ ಹೊಂಟೀರಿ?"

"ನಡದಾಡಿದ್ರ ಮಣಕಾಲಿಗೆ ಛಲೋ ಅಂತ ಬೆಳಗಾವಿಯವ್ರು ಹೇಳ್ಯಾರ."

"ಖರೆ. ಆ ಐದು ಶಬ್ದ ಯಾವು?"

"ಈಗೂ ನೆನಪವ," ಅಂದೆ. ಇಲ್ಲಿ ಸೋತ್ರ ಎಲ್ಲಾ ಸೋತಂಗ, ಅದಕ್ಕ ಕಣ್ಣು ಮುಚ್ಚಿ, ಬೆರಳು ಮಡಚಿ, ಒಂದೇ ಉಸರಿಗೆ ಹೇಳಿದೆ. "ಕಡ್ಲಿಹಿಟ್ಟು. ಇಂಗು. ಬೆಲ್ಲ. ಊದಿನಕಡ್ಡಿ."

"ನಾಕಾತು."

"ಐದನೇದು... ತಡೀರಿ. ನಾಲಿಗಿ ತುದಿಗೇ ಅದ."

"ಭಾಂಡೆ ತಿಕ್ಕೋ ಸಾಬೂನು," ಅಂದ್ರು ಗಾರ್ಡ್ ಸಾಹೇಬ್ರು. "ವೈನಿ ಗ್ಯಾಲರಿಲಿಂದ ಕೂಗಿ ಹೇಳೋ ಮುಂದ ನಾನೂ ಇಲ್ಲೇ ಕುಂತಿದ್ದೆ. ಏಳ್ರಿ, ಒಂದಕ್ಕ ಐದೇ ನಿಮಿಷ ಕಮ್ಮಿ ಅದ, ಅಂಗಡಿ ಶಟರ್ ಬೀಳ್ತದ."