ಪರವಾಗಿಲ್ಲ ಎನ್ನುವವನ ಬಿ.ಪಿ.

ಸಮಾಧಾನಿ ಎಂಬ ಬಿರುದು ಒಮ್ಮೆ ಅಂಟಿಕೊಂಡರೆ ಅದನ್ನು ಕಳಚುವುದು ಬಲು ಕಷ್ಟ. ಕೋಪಿಷ್ಠ ಅಪರೂಪಕ್ಕೊಮ್ಮೆ ನಕ್ಕರೂ ಜನ ಮೆಚ್ಚುತ್ತಾರೆ. ಸಮಾಧಾನಿ ಹುಬ್ಬು ಗಂಟಿಕ್ಕಿದರೆ ‘ಸಾರ್‌ಗೆ ಹುಷಾರಿಲ್ವೇನೋ’ ಎನ್ನುತ್ತಾರೆ. ಹಲಸೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಬಿರುದು ನನ್ನದು. ನೀರಿನ ಟ್ಯಾಂಕರ್ ಬರದಿದ್ದರೂ, ಮೂರನೇ ಮಹಡಿಯ ಪ್ರಕಾಶ್ ನನ್ನ ಪಾರ್ಕಿಂಗ್ ಜಾಗದಲ್ಲಿ ತನ್ನ ಕಾರು ನಿಲ್ಲಿಸಿದರೂ ನನ್ನ ಬಾಯಿಂದ ಬರುವುದು ‘ಪರವಾಗಿಲ್ಲ’ ಎಂಬ ಒಂದೇ ಮಾತು. ದಿನಚರಿ ಬರೆಯುವ ಅಭ್ಯಾಸವಿದ್ದೂ, ಕೊನೆಯ ಸಲ ಯಾವಾಗ ಕೋಪ ಬಂದಿತ್ತೆಂದು ನನಗೆ ನೆನಪಿಲ್ಲ. ನೆನಪಿಲ್ಲದ್ದೆಲ್ಲ ನಡೆದೇ ಇಲ್ಲ ಎಂದು ತಿಳಿದುಕೊಂಡು ಸುಖವಾಗಿದ್ದೆ.

ಈ ಸುಖಕ್ಕೆ ವೈದ್ಯಕೀಯ ಸಮರ್ಥನೆಯೂ ಇತ್ತು. ಮರ್ಫಿ ಟೌನಿನ ನಮ್ಮ ಡಾಕ್ಟರ್ ನಸ್ರೀನ್ ನನ್ನ ತೋಳಿಗೆ ಪಟ್ಟಿ ಸುತ್ತಿದಾಗಲೆಲ್ಲ ‘ಬಿ.ಪಿ. ಫಸ್ಟ್ ಕ್ಲಾಸ್’ ಎನ್ನುತ್ತಿದ್ದರು. ಯಾಕಿರಬಾರದು? ಆ ಕ್ಲಿನಿಕ್ಕಿನಲ್ಲಿ ಫ್ಯಾನಿದೆ, ಬೆನ್ನಿಗೆ ಒರಗು ಇರುವ ಬೆಂಚಿದೆ, ನನ್ನ ಸರದಿ ಬರುವವರೆಗೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ದೊಡ್ಡನೆಕ್ಕುಂದಿಯ ಆಫೀಸಿನಿಂದ ಫೋನ್ ಬಂದರೆ ‘ಡಾಕ್ಟರ್ ಹತ್ರ ಇದೀನಿ’ ಎಂದರೆ ಸಾಕು, ಮೇಲಧಿಕಾರಿಯೇ ಕ್ಷಮೆ ಕೇಳಿ ಇಟ್ಟುಬಿಡುತ್ತಾರೆ. ಬೇರೆಯವರು ವಿಶ್ರಾಂತಿಗೆ ನಂದಿ ಬೆಟ್ಟಕ್ಕೆ ಹೋದರೆ ನಾನು ಕ್ಲಿನಿಕ್ಕಿಗೆ ಹೋಗುತ್ತಿದ್ದೆ.

ನನ್ನ ಹೆಂಡತಿ ಸುಗುಣಾಳ ಸ್ವಭಾವ ನನ್ನದಕ್ಕೆ ಪೂರ್ತಿ ವಿರುದ್ಧ. ಅವಳಿಗೆ ಸಿಟ್ಟು ಬಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಮಾರ್ಕೆಟ್ಟಿನಲ್ಲಿ ಸೊಪ್ಪಿನವಳ ಹತ್ತಿರ ತಮಿಳಿನಲ್ಲಿ, ಮೂಸಂಬಿಯವನ ಹತ್ತಿರ ದಖನಿಯಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ ಜಗಳವಾಡಿ, ಕೊಸರಿಗೆ ಕರಿಬೇವು ಪಡೆದು, ಹಾಡು ಗುನುಗುತ್ತಾ ಮನೆಗೆ ಬರುತ್ತಾಳೆ. ಪಾಪ, ಇವಳ ರಕ್ತನಾಳಗಳ ಗತಿಯೇನು ಎಂದು ನಾನು ಮರುಗುತ್ತಿದ್ದೆ.

ಒಂದು ಸಂಜೆ ಆಫೀಸಿನಿಂದ ಬಂದ ನನ್ನ ತೋಳಿಗೆ ಸುಗುಣಾ, ತನ್ನ ಅಮ್ಮನಿಗೆಂದು ತಂದಿದ್ದ ಬಿ.ಪಿ. ಮೆಷಿನ್ ಕಟ್ಟಿದಳು. ಅಂಕಿ ನೋಡಿ ಅವಳ ಕಣ್ಣು ಅಗಲವಾಯಿತು.

“ಮೆಷಿನ್ ಕೆಟ್ಟಿದೆ ಕಣೆ,” ಎಂದೆ.

“ಓಹೋ! ನನಗೆ ನಾರ್ಮಲ್ ತೋರ್ಸತ್ತೆ, ನಿಮ್ಮ ತೋಳು ಕಂಡ್ರೆ ಮಾತ್ರ ಕೆಡತ್ತೇನ್ರೀ?”

ಮರುದಿನ ಮೆಷಿನನ್ನೂ ನನ್ನನ್ನೂ ಕ್ಲಿನಿಕ್ಕಿಗೆ ಒಯ್ದಳು. “ಮೇಡಂ, ಇವರು ನಿಮ್ಮ ಮುಂದೆ ಒಬ್ರು, ಮನೇಲಿ ಇನ್ನೊಬ್ರು,” ಎಂದು ದೂರು ಕೊಟ್ಟಳು. ಡಾಕ್ಟರು ನಗಲಿಲ್ಲ. “ಸರಿಯಾಗೇ ಹಿಡಿದಿದೀರಿ ಅಮ್ಮಾ,” ಎಂದರು. “ನಮ್ಮನ್ನ ನೋಡಿದ್ರೆ ಬಿ.ಪಿ. ಏರೋ ಜನ ಇದಾರೆ. ಇದು ಉಲ್ಟಾ. ಇಲ್ಲಿ ಇಳಿದು ಹೊರಗೆ ಏರೋದು. ಮುಖವಾಡ ಹಾಕ್ಕೊಂಡಿರತ್ತೆ, ಅದಕ್ಕೇ ತಡವಾಗಿ ಸಿಗತ್ತೆ. ಅಷ್ಟರಲ್ಲಿ ಹಾರ್ಟ್‌ಗೆ, ಮೆದುಳಿಗೆ ಏಟು ಬಿದ್ದಿರಬಹುದು.” ಡಾಕ್ಟರು ಇಷ್ಟು ದಿನ ಕಾಣದ್ದನ್ನು ಅವರ ಮುಂದೆಯೇ ಒಂದೇ ಮಾತಿನಲ್ಲಿ ತೋರಿಸಿಕೊಟ್ಟ ಹೆಂಡತಿಯನ್ನು ನಾನು ಆ ಹೊತ್ತು ಹೊಸಬಳಂತೆ ನೋಡಿದೆ. ಭಯವೂ ಆಗಿತ್ತೆನ್ನಿ.

ರಕ್ತ ಪರೀಕ್ಷೆಗೆ ಕೊಟ್ಟೆ. ಇಡೀ ಒಂದು ದಿನ ತಾನಾಗಿಯೇ ಆಗಾಗ ಬಿ.ಪಿ. ಅಳೆಯುವ ಯಂತ್ರವನ್ನು ತೋಳಿಗೆ ಕಟ್ಟಿಕೊಂಡೆ. ಅದು ಬಿಗಿದಾಗ ಕೈ ಅಲ್ಲಾಡಿಸಬಾರದು. ಅಂದೇ ಅಪಾರ್ಟ್‌ಮೆಂಟಿನ ಸಭೆ. ಪ್ರಕಾಶ್ ಎದ್ದು, “ಸಾರ್ ಜಾಗದಲ್ಲಿ ನನ್ನ ಕಾರಿನ ಪಕ್ಕ ಇನ್ನೂ ಖಾಲಿ ಇದೆ, ಎರಡನೇ ಕಾರೂ ಅಲ್ಲೇ ನಿಲ್ಲಿಸ್ತೀನಿ. ಸಾರ್ ಏನೂ ಅನ್ಕೊಳಲ್ಲ,” ಎಂದ. ನನ್ನ ಅಂಗಿಯೊಳಗೆ ‘ಗುಂಯ್’ ಎಂದು ಯಂತ್ರ ಶುರುವಾಯಿತು. ಎಲ್ಲರೂ ನನ್ನತ್ತ ತಿರುಗಿದರು. ಕೈ ನೆಟ್ಟಗೆ ಚಾಚಿ, ಶಾಸನದ ಕಲ್ಲಿನಂತೆ ಕೂತು, “ಪರವಾಗಿಲ್ಲ” ಎಂದೆ.

ವರದಿ ನೋಡುತ್ತಾ ಡಾಕ್ಟರು ಬಿ.ಪಿ.ಯ ಗೆರೆ ತೀರಾ ಮೇಲೇರಿದ್ದ ಜಾಗಕ್ಕೆ ಬೆರಳಿಟ್ಟು, “ಇಲ್ಲೇನು ಮಾಡ್ತಿದ್ರಿ?” ಎಂದರು.

“ಸುಮ್ನೆ ಕೂತಿದ್ದೆ ಮೇಡಂ.”

ರಕ್ತದಲ್ಲಿ ಕೆಟ್ಟ ಕೊಬ್ಬು ಏರಿತ್ತು. ಒಳಗಿನ ಉರಿಯೂತ ತಿಳಿಸುವ ಅಂಶವೂ ಜಾಸ್ತಿಯಿತ್ತು. “ಬರೀ ಇದರಿಂದ್ಲೇ ಹಾರ್ಟ್‌ಗೆ ಏಟು ಬೀಳತ್ತೆ ಅಂತ ಹೇಳಕ್ಕಾಗಲ್ಲ. ಬಿ.ಪಿ. ಜೊತೆ ಸೇರಿದಾಗ ಅಪಾಯ ಜಾಸ್ತಿ. ಮುಖ ಕೂಲಾಗಿದೆ ಸಾರ್, ರಕ್ತ ಕೂಲಾಗಿಲ್ಲ,” ಎಂದರು. ಮಾತ್ರೆ ಬಂತು, ಉಪ್ಪಿನಕಾಯಿ ಹೋಯಿತು, ಬೆಳಗಿನ ನಡಿಗೆ ಶುರುವಾಯಿತು. ಹೊರಡುವಾಗ, “ನುಂಗೋದು ಮಾತ್ರೆ ಮಾತ್ರ ಇರಲಿ,” ಎಂದರು.

ಆ ಮಾತಿಗೆ ಬೆಲೆ ಕೊಟ್ಟು ಅದೇ ಸಂಜೆ ಪ್ರಕಾಶನ ಬಾಗಿಲು ತಟ್ಟಿದೆ. “ಏನ್ರೀ, ಮನುಷ್ಯರೇನ್ರೀ ನೀವು? ತೆಗೀರಿ ಕಾರು!” ಎಂದು ಗುಡುಗಿದೆ. ಅವನು ಬೆವರಿದ. ಜಾಗ ಖಾಲಿಯಾಯಿತು.

ಇಷ್ಟು ಬರೆದು ಸುಗುಣಾಗೆ ಓದಿ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತಿದಳು.

“ಬಾಗಿಲು ತಟ್ಟಿದ್ದು ನಾನು. ಮನುಷ್ಯರೇನ್ರೀ ಅಂದಿದ್ದೂ ನಾನು.”

“ಮತ್ತೆ ನಾನು?”

“ಮೆಟ್ಟಿಲ ಮೇಲೆ ನಿಂತಿದ್ರಿ. ಅವನು ಸಾರಿ ಅಂದಾಗ ಪರವಾಗಿಲ್ಲ ಅಂದ್ರಿ.”

ನನಗಂತೂ ಗುಡುಗಿದ ನೆನಪು ಚೆನ್ನಾಗಿಯೇ ಇದೆ. ಆದರೆ ಇಬ್ಬರ ನೆನಪೂ ಎದುರುಬದುರಾದಾಗ, ಮನೆಯಲ್ಲೂ ಕ್ಲಿನಿಕ್ಕಿನಲ್ಲೂ ಒಂದೇ ಬಿ.ಪಿ. ಇರುವವರನ್ನು ನಂಬುವುದು ಕ್ಷೇಮ.